ಉಪಗ್ರಹ ರಾಕೆಟ್ಟಿನಿಂದ ಬೇರ್ಪಟ್ಟ ಮೇಲೆ ಏನಾಗುತ್ತದೆ?

ಪ್ರಶ್ನೆ: ಸಂವಹನ ಉಪಗ್ರಹವನ್ನು ಹಾರಿಸಿದ ಅರ್ಧ ಗಂಟೆಗೆಲ್ಲ ‘ಉಡಾವಣೆ ಯಶಸ್ವಿ’ ಎಂದು ಸುದ್ದಿ ಬರುತ್ತದೆ. ಆದರೆ ಅದರಿಂದ ಟಿವಿ, ಇಂಟರ್ನೆಟ್ ಸೇವೆ ಸಿಗುವುದು ಎಷ್ಟೋ ವಾರ, ಕೆಲವೊಮ್ಮೆ ಎಷ್ಟೋ ತಿಂಗಳು ಕಳೆದ ಮೇಲೆ. ಈ ನಡುವೆ ಕೈಕೊಟ್ಟ ಉಪಗ್ರಹಗಳೂ ಇವೆ. ರಾಕೆಟ್ಟೇ ಅದನ್ನು ಅದರ ಜಾಗಕ್ಕೆ ನೇರವಾಗಿ ಮುಟ್ಟಿಸಬಾರದೇಕೆ? ನಡುವಿನ ದಿನಗಳಲ್ಲಿ ನಡೆಯುವುದೇನು? ಎಲ್ಲ ಸರಿಹೋಗಿದೆಯೇ ಎಂದು ಸುದ್ದಿ ಓದುವವರು ತಿಳಿಯುವುದು ಹೇಗೆ?

ಉತ್ತರ: ‘ಯಶಸ್ವಿ’ ಎಂಬ ಆ ಮಾತು ರಾಕೆಟ್ಟಿನ ಕುರಿತದ್ದು. ಒಪ್ಪಿಕೊಂಡ ಕಕ್ಷೆಯಲ್ಲಿ ರಾಕೆಟ್ಟು ಉಪಗ್ರಹವನ್ನು ಬಿಟ್ಟಿತು ಎಂದಷ್ಟೇ ಅದರ ಅರ್ಥ. ಮುಂದಿನ ದಾರಿಯನ್ನು ಉಪಗ್ರಹ ತನ್ನ ಹೊಟ್ಟೆಯಲ್ಲಿರುವ ಇಂಧನ ಸುಟ್ಟು ತಾನೇ ಸವೆಸಬೇಕು. ಆ ದಾರಿಯಲ್ಲಿ ಖರ್ಚಾಗುವ ಒಂದೊಂದು ಕಿಲೋ ಇಂಧನವೂ ಅದರ ಆಯುಸ್ಸಿನಿಂದಲೇ ಕಳೆಯುತ್ತದೆ. ಎಲ್ಲಿಂದ ಹಾರಿಸಬೇಕು, ಯಾವ ರಾಕೆಟ್ಟು, ಯಾವ ಕಕ್ಷೆ ಎಂಬ ತೀರ್ಮಾನಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಭೂಸ್ಥಿರ ಕಕ್ಷೆ ಇರುವುದು ಸಮಭಾಜಕ ವೃತ್ತದ ನೇರಕ್ಕೆ, 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಹಿಡಿಯುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯವೂ ಅಷ್ಟೇ. ಆದ್ದರಿಂದ ನೆಲದಿಂದ ನೋಡುವವರಿಗೆ ಉಪಗ್ರಹ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತದೆ, ಡಿಶ್ ಆಂಟೆನಾವನ್ನು ಒಮ್ಮೆ ತಿರುಗಿಸಿ ಬಿಗಿ ಮಾಡಿದರೆ ಸಾಕು. ಆ ಎತ್ತರದಲ್ಲಿ ವೃತ್ತಾಕಾರದಲ್ಲಿ ಸುತ್ತಬೇಕಾದರೆ ಸೆಕೆಂಡಿಗೆ 3.07 ಕಿ.ಮೀ. ವೇಗ ಬೇಕು.

ರಾಕೆಟ್ಟು ಸಾಮಾನ್ಯವಾಗಿ ಉಪಗ್ರಹವನ್ನು ಬಿಡುವುದು ವರ್ಗಾವಣೆ ಕಕ್ಷೆಯಲ್ಲಿ. ಇದು ಮೊಟ್ಟೆಯಾಕಾರದ ದಾರಿ. ಭೂಮಿಗೆ ಹತ್ತಿರದ ತುದಿ 200 ಕಿ.ಮೀ. ಆಸುಪಾಸಿನಲ್ಲಿ, ದೂರದ ತುದಿ ಸುಮಾರು 36,000 ಕಿ.ಮೀ.ಯಲ್ಲಿ. ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಸುಮಾರು 10.2 ಕಿ.ಮೀ. ಓಡುವ ಉಪಗ್ರಹ, ಮೇಲೇರುತ್ತಾ ವೇಗ ಕಳೆದುಕೊಂಡು ದೂರದ ತುದಿ ಮುಟ್ಟುವಾಗ 1.6 ಕಿ.ಮೀ.ಗೆ ಇಳಿದಿರುತ್ತದೆ. ಬೇಕಾದ್ದು 3.07, ಇರುವುದು 1.6. ಈ ಸುಮಾರು ಒಂದೂವರೆ ಕಿ.ಮೀ. ಕೊರತೆ ತುಂಬದಿದ್ದರೆ ಉಪಗ್ರಹ ಮತ್ತೆ ಕೆಳಗೆ ಜಾರಿ, ಹತ್ತೂವರೆ ಗಂಟೆಗೊಮ್ಮೆ ಹಾಗೆಯೇ ಮೇಲೆ ಕೆಳಗೆ ಸುತ್ತುತ್ತಿರುತ್ತದೆ.

ರಾಕೆಟ್ಟೇ ಆ ಕೊರತೆಯನ್ನು ತುಂಬಬಹುದು, ಆದರೆ ದುಬಾರಿ. ಕೊನೆಯ ಹಂತ ಐದು ಗಂಟೆಗೂ ಹೆಚ್ಚು ಹೊತ್ತು ಎಂಜಿನ್ ಆರಿಸಿಕೊಂಡು ಮೇಲೇರಿ, ಅಲ್ಲಿ ಮತ್ತೆ ಹೊತ್ತಿಕೊಳ್ಳಬೇಕು. ಅಷ್ಟು ಹೊತ್ತು ಅದರ ಬ್ಯಾಟರಿ ಬಾಳಬೇಕು, ದ್ರವ ಆಮ್ಲಜನಕ ಕುದಿದು ಆವಿಯಾಗಿ ಹೋಗಬಾರದು, ಸೀಮೆಎಣ್ಣೆ ಇಂಧನವಾಗಿದ್ದರೆ ಅದು ಚಳಿಗೆ ಮಂದವಾಗಬಾರದು. ಜೊತೆಗೆ, ಕೆಲಸ ಮುಗಿದ ಮೇಲೆ ಯಾರಿಗೂ ಬೇಡವಾಗುವ ಆ ಹಂತದ ಟನ್ನುಗಟ್ಟಲೆ ಲೋಹವನ್ನೂ ಅಷ್ಟೆತ್ತರಕ್ಕೆ ಹೊರಬೇಕು. 2023ರಲ್ಲಿ ಫಾಲ್ಕನ್ ಹೆವಿ ರಾಕೆಟ್ಟು ವಯಾಸ್ಯಾಟ್-3 ಸರಣಿಯ ಮೊದಲ ಉಪಗ್ರಹವನ್ನು ಹೀಗೆ ಭೂಸ್ಥಿರ ಕಕ್ಷೆಯ ಹತ್ತಿರಕ್ಕೇ ಒಯ್ದಿತು. ಅದಕ್ಕಾಗಿ, ಮರಳಿ ಇಳಿಸಿ ಬಳಸಬಹುದಾದ ಮೂರೂ ಬೂಸ್ಟರ್‌ಗಳನ್ನು ಬಿಟ್ಟುಕೊಡಬೇಕಾಯಿತು. ಉಪಗ್ರಹದ ಒಡೆಯರಿಗೆ ಇದರಿಂದ ತಿಂಗಳುಗಳು ಉಳಿಯುತ್ತವೆ, ಆದರೆ ರಾಕೆಟ್ಟಿಗೆ ತೆರುವ ಬೆಲೆ ಏರುತ್ತದೆ.

ಕೊರತೆ ವೇಗದ್ದೊಂದೇ ಅಲ್ಲ, ದಿಕ್ಕಿನದ್ದೂ ಇದೆ. ಸಮಭಾಜಕ ವೃತ್ತದಿಂದ ಎಷ್ಟು ಡಿಗ್ರಿ ದೂರದಿಂದ ಹಾರಿಸುತ್ತೇವೋ ಕಕ್ಷೆ ಕನಿಷ್ಠ ಅಷ್ಟಾದರೂ ಓರೆಯಾಗುತ್ತದೆ, ರಾಕೆಟ್ಟು ನಡುವೆ ಪ್ರತ್ಯೇಕವಾಗಿ ಇಂಧನ ಸುಟ್ಟು ನೆಟ್ಟಗೆ ಮಾಡದ ಹೊರತು. ಫ್ರೆಂಚ್ ಗಯಾನಾದ ಕೌರು ಇರುವುದು 5 ಡಿಗ್ರಿ ಅಕ್ಷಾಂಶದಲ್ಲಿ, ಶ್ರೀಹರಿಕೋಟಾ 13.7ರಲ್ಲಿ, ಕೇಪ್ ಕನಾವೆರಲ್ 28.5ರಲ್ಲಿ. ಕೌರುವಿನಿಂದ ಹೋದ ಉಪಗ್ರಹ ತುಂಬಿಕೊಳ್ಳಬೇಕಾದ ಕೊರತೆ ಸೆಕೆಂಡಿಗೆ ಸುಮಾರು 1.5 ಕಿ.ಮೀ., ಕನಾವೆರಲ್‌ನಿಂದ ಹೋದದ್ದಕ್ಕೆ ಸುಮಾರು 1.8 ಕಿ.ಮೀ.

0.3 ಕಿ.ಮೀ. ಎಂದರೆ ಏನು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡಿ. 5,000 ಕಿಲೋ ತೂಕದ ಉಪಗ್ರಹ, ಅದರ ಎಂಜಿನ್ನಿನಿಂದ ಅನಿಲ ಹೊರಬರುವ ವೇಗ ಸೆಕೆಂಡಿಗೆ 3.1 ಕಿ.ಮೀ.ಗೆ ತುಸು ಹೆಚ್ಚು. 1.5 ಕಿ.ಮೀ. ತುಂಬಲು ಅದು ಸುಮಾರು 1,900 ಕಿಲೋ ಸುಡಬೇಕು, 1.8ಕ್ಕೆ ಸುಮಾರು 2,180 ಕಿಲೋ. ವ್ಯತ್ಯಾಸ 280 ಕಿಲೋ. ಇನ್ನು ಕಕ್ಷೆ ಸೇರಿದ ಮೇಲಿನ ಖರ್ಚು ನೋಡಿ. ಸೂರ್ಯ ಚಂದ್ರರ ಸೆಳೆತ ಉಪಗ್ರಹದ ಕಕ್ಷೆಯನ್ನು ವರ್ಷಕ್ಕೆ ಒಂದು ಡಿಗ್ರಿಗೆ ತುಸು ಕಡಿಮೆ ಓರೆ ಮಾಡುತ್ತದೆ. ಅದನ್ನು ನೆಟ್ಟಗಿಡಲು ವರ್ಷಕ್ಕೆ ಸೆಕೆಂಡಿಗೆ 50 ಮೀಟರ್‌ನಷ್ಟು ವೇಗಬದಲಾವಣೆ, ಅಂದರೆ ಈ ಗಾತ್ರದ ಉಪಗ್ರಹಕ್ಕೆ 50 ಕಿಲೋ ಆಸುಪಾಸಿನ ಇಂಧನ ಬೇಕು. ಪೂರ್ವ-ಪಶ್ಚಿಮದ ಜಾರುವಿಕೆ ತಡೆಯಲು ಬೇಕಾದ್ದು ಇದರ ಮುಂದೆ ಚಿಲ್ಲರೆ. ಹಾಗಾದರೆ ಆ 280 ಕಿಲೋ ಎಂದರೆ ಐದು ವರ್ಷಗಳ ಸೇವೆ! ಹದಿನೈದು ವರ್ಷ ದುಡಿಯಬೇಕಾದ ಯಂತ್ರದ ಬದುಕಿನಲ್ಲಿ ಮೂರನೇ ಒಂದು ಪಾಲು. ಕನಾವೆರಲ್‌ನಿಂದ ಹಾರುವ ರಾಕೆಟ್ಟುಗಳು ಇದನ್ನು ತಗ್ಗಿಸಲು ಒಂದು ಉಪಾಯ ಮಾಡುತ್ತವೆ. ದೂರದ ತುದಿಯನ್ನು 36,000ದಲ್ಲಿ ನಿಲ್ಲಿಸದೆ 50,000, 60,000 ಕಿ.ಮೀ.ಗೆ ಎತ್ತಿ ಬಿಡುತ್ತವೆ. ಅಷ್ಟು ಮೇಲೆ ಉಪಗ್ರಹ ಇನ್ನೂ ನಿಧಾನವಾಗಿ ಚಲಿಸುವುದರಿಂದ ಅದರ ದಿಕ್ಕು ತಿರುಗಿಸುವುದು ಅಗ್ಗ.

ಈ ಲೆಕ್ಕದ ಪುಸ್ತಕ ತೆರೆಯುವುದು ಉಡಾವಣಾ ಕೇಂದ್ರದ ಇಂಧನ ತುಂಬುವ ಕೋಣೆಯಲ್ಲಿ. ಮಾನೊಮಿಥೈಲ್ ಹೈಡ್ರಜೀನ್ ಇಂಧನ, ಅದು ಉರಿಯಲು ಬೇಕಾದ ಆಮ್ಲಜನಕ ಒದಗಿಸುವ ನೈಟ್ರೊಜನ್ ಟೆಟ್ರಾಕ್ಸೈಡ್ ಮೂಲದ ಉತ್ಕರ್ಷಕ, ಇವೆರಡು ಒಂದಕ್ಕೊಂದು ತಾಗಿದರೆ ಕಿಡಿಯಿಲ್ಲದೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಬಾಹ್ಯಾಕಾಶದಲ್ಲಿ ಹತ್ತಾರು ಸಲ ಆರಿಸಿ ಹೊತ್ತಿಸಬೇಕಾದ ಎಂಜಿನ್ನಿಗೆ ಇದಕ್ಕಿಂತ ಅನುಕೂಲವಾದ ಗುಣವಿಲ್ಲ, ತುಂಬುವ ಜನಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಎರಡೂ ಕಡು ವಿಷ. ಆದ್ದರಿಂದ ಮೈಯೆಲ್ಲ ಮುಚ್ಚಿ ಹೊರಗಿನಿಂದ ಗಾಳಿ ಪಡೆಯುವ ಉಡುಪು ತೊಟ್ಟು, ಇಂಧನವನ್ನು ಒಂದು ದಿನ, ಕೋಣೆಯನ್ನೂ ಕೊಳವೆಗಳನ್ನೂ ಶುಚಿ ಮಾಡಿ ಉತ್ಕರ್ಷಕವನ್ನು ಇನ್ನೊಂದು ದಿನ ತುಂಬುತ್ತಾರೆ. ಒಳಗೆ ಹೋದದ್ದನ್ನು ತೂಗಿ ಬರೆದಿಡುವ ಅಂಕಿಯೇ ಮುಂದಿನ ಹದಿನೈದು ವರ್ಷಗಳ ಲೆಕ್ಕಕ್ಕೆ ಆರಂಭದ ಶಿಲ್ಕು. ತೂಕವಿಲ್ಲದ ಸ್ಥಿತಿಯಲ್ಲಿ ದ್ರವ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಎಲ್ಲೆಂದರಲ್ಲಿ ಇರುವುದರಿಂದ, ವಾಹನದಲ್ಲಿರುವಂಥ ಮಟ್ಟ ತೋರುವ ಮುಳ್ಳು ಅಲ್ಲಿ ನಡೆಯುವುದಿಲ್ಲ. ಥ್ರಸ್ಟರ್, ಅಂದರೆ ಉಪಗ್ರಹವನ್ನು ನೂಕುವ ಪುಟ್ಟ ಎಂಜಿನ್, ಎಷ್ಟು ಸೆಕೆಂಡು ಉರಿಯಿತು ಎಂದು ಕಳೆಯುತ್ತಾ ಹೋಗುವುದು, ಟ್ಯಾಂಕಿನ ಒತ್ತಡ ಮತ್ತು ಉಷ್ಣತೆಯಿಂದ ಅದನ್ನು ತಾಳೆ ನೋಡುವುದು, ಇವೇ ದಾರಿ. ಆರಂಭದ ಅಂಕಿ ತಪ್ಪಿದರೆ ಕೊನೆಯ ವರ್ಷದ ಅಂದಾಜೂ ತಪ್ಪುತ್ತದೆ.

ಹಾರುವ ಮೊದಲೇ ಎಲ್ಲ ಕಳೆದುಕೊಂಡ ಉದಾಹರಣೆಯೂ ಇದೆ. 2016ರ ಸೆಪ್ಟೆಂಬರ್ 1ರಂದು ಫಾಲ್ಕನ್ 9 ರಾಕೆಟ್ಟಿಗೆ ನೆಲದ ಮೇಲಿನ ಎಂಜಿನ್ ಪರೀಕ್ಷೆಗಾಗಿ ಇಂಧನ ತುಂಬುವಾಗ ಸ್ಫೋಟವಾಯಿತು. ತಲೆಯ ಮೇಲೆ ಕೂತಿದ್ದ ಆಮೋಸ್-6 ಉಪಗ್ರಹ ಸುಟ್ಟುಹೋಯಿತು. ಆ ಪರೀಕ್ಷೆಯ ಹೊತ್ತಿಗೆ ಉಪಗ್ರಹ ಮೇಲಿರಬೇಕಾದ ಅಗತ್ಯವೇ ಇರಲಿಲ್ಲ, ಹಾಗೆ ಮೊದಲೇ ಕೂರಿಸಿದ್ದರಿಂದ ಉಳಿಯುತ್ತಿದ್ದುದು ಒಂದೆರಡು ದಿನ ಮಾತ್ರ.

ಮೇಲೇರುವ ಭಾಗ ಎಲ್ಲರೂ ನೋಡಿರುವಂಥದ್ದು. ಗಾಳಿ ತೆಳ್ಳಗಾಗಿ, ತಿಕ್ಕಾಟದ ಶಾಖ ಚದರ ಮೀಟರಿಗೆ 1,135 ವ್ಯಾಟ್‌ಗಿಂತ ಕೆಳಗಿಳಿದ ಮೇಲೆ ಮೂತಿಯ ಕವಚವನ್ನು ಕಳಚುತ್ತಾರೆ. ಕೊನೆಗೆ, ಉಪಗ್ರಹದ ಬುಡವನ್ನು ರಾಕೆಟ್ಟಿಗೆ ಬಿಗಿದಿರುವ ಲೋಹದ ಪಟ್ಟಿಯನ್ನು ಬಿಡಿಸಿದರೆ ಸ್ಪ್ರಿಂಗುಗಳು ಸೆಕೆಂಡಿಗೆ ಅರ್ಧ ಮೀಟರಿನಷ್ಟು ಮೆಲ್ಲಗೆ ಅದನ್ನು ದೂಡುತ್ತವೆ. ನೀವು ಓದುವ ‘ಯಶಸ್ವಿ’ ಸುದ್ದಿ ಹೊರಡುವುದು ಈ ಗಳಿಗೆಯಲ್ಲಿ.

ಬುಡದಲ್ಲಿ ಒತ್ತಿಕೊಂಡಿದ್ದ ಸ್ವಿಚ್ಚುಗಳು ಬಿಡುಗಡೆಯಾಗುತ್ತಲೇ ಉಪಗ್ರಹದ ಕಂಪ್ಯೂಟರಿಗೆ ಒಂಟಿಯಾದದ್ದು ಗೊತ್ತಾಗುತ್ತದೆ. ಯಾರ ಆದೇಶಕ್ಕೂ ಕಾಯದೆ ಅದು ಟ್ರಾನ್ಸ್‌ಮಿಟರ್ ಚಾಲೂ ಮಾಡುತ್ತದೆ, ಥ್ರಸ್ಟರ್‌ಗಳ ಕೊಳವೆಗಳಿಗೆ ಇಂಧನ ಬಿಡುತ್ತದೆ, ತನ್ನ ಮೈತಿರುಗುವಿಕೆ ನಿಲ್ಲಿಸಿ ಸೂರ್ಯನನ್ನು ಹುಡುಕುತ್ತದೆ. ಆಗ ಅದು ಬದುಕಿರುವುದು ಬ್ಯಾಟರಿಯ ಮೇಲೆ. ಸೌರಫಲಕಗಳು ಇನ್ನೂ ಪುಸ್ತಕದಂತೆ ಮಡಚಿಕೊಂಡಿರುತ್ತವೆ. ಎಲ್ಲಕ್ಕಿಂತ ಹೊರಗಿನ ಹಾಳೆಯ ಮುಖ ಮಾತ್ರ ಆಚೆಗಿರುವಂತೆ ಜೋಡಿಸಿರುತ್ತಾರೆ, ಅದರ ಮೇಲೆ ಬಿಸಿಲು ಬಿದ್ದರೆ ಸದ್ಯದ ಮಟ್ಟಿಗೆ ಸಾಕು. ಸೂರ್ಯ ಸಿಗುವುದು ತಡವಾದರೆ ಬ್ಯಾಟರಿ ಬರಿದಾಗುತ್ತದೆ, ಹೀಟರ್ ಆರುತ್ತದೆ, ಕೊಳವೆಯೊಳಗೆ ಇಂಧನ ಹೆಪ್ಪುಗಟ್ಟುತ್ತದೆ. ಉಡಾವಣೆಯ ಸಮಯವನ್ನು ನಿಮಿಷಗಳ ಲೆಕ್ಕದಲ್ಲಿ ಗೊತ್ತುಮಾಡುವುದಕ್ಕೆ ಬಿಸಿಲಿನ ಈ ಕೋನವೂ ಒಂದು ಕಾರಣ. ಮೊದಲ ಸಂಕೇತ ನೆಲಕ್ಕೆ ಮುಟ್ಟುವವರೆಗೂ ನಿಯಂತ್ರಣ ಕೊಠಡಿಯಲ್ಲಿ ಯಾರೂ ಕುರ್ಚಿಗೆ ಒರಗುವುದಿಲ್ಲ.

ಇನ್ನು ಮುಖ್ಯ ಎಂಜಿನ್ನಿನ ಸರದಿ. ಇದರ ನೂಕುಬಲ 440 ನ್ಯೂಟನ್ ಆಸುಪಾಸು, ಅಂದರೆ ನೆಲದ ಮೇಲೆ 45 ಕಿಲೋ ಎತ್ತುವಷ್ಟು. ಐದು ಟನ್ನಿನ ಉಪಗ್ರಹಕ್ಕೆ ಇಷ್ಟೇ ಎಂಜಿನ್. ಅದು ಸೆಕೆಂಡಿಗೆ ಸುಮಾರು 140 ಗ್ರಾಂ ಸುಡುತ್ತದೆ. ಮೇಲೆ ಹೇಳಿದ 1,900 ಕಿಲೋ ಮುಗಿಸಲು ಮೂರೂಮುಕ್ಕಾಲು ಗಂಟೆ ಉರಿಯಬೇಕು. ಒಂದೇ ಸಲಕ್ಕೆ ಉರಿಸಿದರೆ ಒಂದಷ್ಟು ಭಾಗ ದೂರದ ತುದಿಯಿಂದ ಆಚೀಚೆ ಹೋಗಿ ವ್ಯರ್ಥವಾಗುತ್ತದೆ, ಏಕೆಂದರೆ ಹತ್ತಿರದ ತುದಿಯನ್ನು ಮೇಲೆತ್ತಬೇಕಾದರೆ ದೂರದ ತುದಿಯಲ್ಲೇ ನೂಕಬೇಕು. ಹಾಗಾಗಿ ಮೂರು, ನಾಲ್ಕು ಅಥವಾ ಐದು ಕಂತು. ಪ್ರತಿ ಕಂತಿನ ನಂತರ ನೆಲದ ಕೇಂದ್ರಗಳು ದೂರ ಅಳೆದು, ಎಂಜಿನ್ ನಿಜಕ್ಕೂ ಎಷ್ಟು ನೂಕಿತು ಎಂದು ಕಂಡುಕೊಂಡು, ಮುಂದಿನ ಕಂತಿನ ಅವಧಿಯನ್ನು ತಿದ್ದುತ್ತವೆ. ಮೊದಲ ಕಂತಿಗೇ ಹತ್ತಿರದ ತುದಿ ವಾತಾವರಣದ ಅಂಚಿನಿಂದ ಸಾವಿರಾರು ಕಿ.ಮೀ. ಮೇಲೇರುತ್ತದೆ.

ಒಂದು ಕಂತು ಹೇಗೆ ನಡೆಯುತ್ತದೆ ಎಂದರೆ: ಮೊದಲು ಸಣ್ಣ ಥ್ರಸ್ಟರ್‌ಗಳನ್ನು ತುಸು ಹೊತ್ತು ಉರಿಸಿ, ಟ್ಯಾಂಕಿನಲ್ಲಿ ಚದುರಿದ ದ್ರವವನ್ನು ಹೊರಬಾಯಿಯ ಕಡೆಗೆ ಸರಿಸುತ್ತಾರೆ. ಇಲ್ಲವಾದರೆ ಎಂಜಿನ್ನಿಗೆ ದ್ರವದ ಬದಲು ಅನಿಲದ ಗುಳ್ಳೆ ಹೋಗಿ ಉರಿ ತಡವರಿಸುತ್ತದೆ. ಹೆಚ್ಚಿನ ಒತ್ತಡದಲ್ಲಿ ತುಂಬಿಟ್ಟ ಹೀಲಿಯಂ, ರೆಗ್ಯುಲೇಟರ್ ಮೂಲಕ ಇಳಿದು ಬಂದು ಎರಡೂ ಟ್ಯಾಂಕುಗಳನ್ನು ಒಂದೇ ಒತ್ತಡದಲ್ಲಿ ಒತ್ತಿ ಹಿಡಿಯುತ್ತದೆ. ದಾರಿಯಲ್ಲಿರುವ ಕೆಲವು ಕವಾಟಗಳು ಮದ್ದಿನ ಚಿಟಿಕೆ ಸಿಡಿಸಿ ಒಮ್ಮೆ ಮಾತ್ರ ತೆರೆಯುವಂಥವು. ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ, ಅದಕ್ಕೇ ಮುಖ್ಯ ಜಾಗಗಳಲ್ಲಿ ಜೋಡಿ ಇಡುತ್ತಾರೆ. ಕಕ್ಷೆ ಸೇರಿದ ಮೇಲೆ ಇಂಥವೇ ಕವಾಟಗಳಿಂದ ಮುಖ್ಯ ಎಂಜಿನ್ನಿನ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತಾರೆ.

ನೀವು ಕೇಳಿದ ‘ಕೈಕೊಡುವ’ ಪ್ರಸಂಗಗಳು ಹೆಚ್ಚಾಗಿ ಇಲ್ಲಿಯೇ. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಎರಡು ಕಂತುಗಳನ್ನು ಚೆನ್ನಾಗಿಯೇ ಮುಗಿಸಿತು. ಮೂರನೆಯದಕ್ಕೆ ಸಜ್ಜಾಗುವಾಗ ಸಂಪರ್ಕ ಕಡಿದುಹೋಯಿತು, ಮತ್ತೆ ಸಿಗಲಿಲ್ಲ. 2025ರ ಜನವರಿಯ ಎನ್‌ವಿಎಸ್-02 ಸಂವಹನದ್ದಲ್ಲ, ದಾರಿತೋರುವ ಉಪಗ್ರಹ, ಆದರೆ ಇಲ್ಲಿ ಹೇಳಲೇಬೇಕಾದದ್ದು. ರಾಕೆಟ್ಟು ಅದನ್ನು ಸರಿಯಾದ ಕಕ್ಷೆಯಲ್ಲೇ ಬಿಟ್ಟಿತ್ತು, ಸೌರಫಲಕಗಳೂ ಬಿಚ್ಚಿಕೊಂಡವು. ಉತ್ಕರ್ಷಕವನ್ನು ಒಳಬಿಡುವ ಕವಾಟಗಳು ತೆರೆಯಲಿಲ್ಲ, ಉಪಗ್ರಹ ಮೊಟ್ಟೆಯಾಕಾರದ ಕಕ್ಷೆಯಲ್ಲೇ ಉಳಿಯಿತು. ಎರಡೂ ಸಲ ರಾಕೆಟ್ಟಿನ ಮಟ್ಟಿಗೆ ಉಡಾವಣೆ ಯಶಸ್ವಿಯೇ.

ಇದರ ತದ್ವಿರುದ್ಧವೂ ನಡೆದಿದೆ. 2001ರ ಜುಲೈನಲ್ಲಿ ಏರಿಯಾನ್ 5ರ ಮೇಲಿನ ಹಂತ ಸೋತು, ಯುರೋಪಿನ ಆರ್ಟೆಮಿಸ್ ಉಪಗ್ರಹದ ದೂರದ ತುದಿ 36,000ದ ಬದಲು 17,500 ಕಿ.ಮೀ.ಯಲ್ಲೇ ನಿಂತಿತು. ತನ್ನ ರಾಸಾಯನಿಕ ಇಂಧನದ ಬಹುಪಾಲನ್ನು ಸುಟ್ಟು ಅದು ಸುಮಾರು 31,000 ಕಿ.ಮೀ.ಗೆ ಏರಿತು. ಉಳಿದ ದಾರಿಗೆ, ಕೇವಲ ಉತ್ತರ-ದಕ್ಷಿಣ ಜಾರುವಿಕೆ ತಿದ್ದಲೆಂದು ಇಟ್ಟಿದ್ದ ಪುಟ್ಟ ಅಯಾನ್ ಎಂಜಿನ್‌ಗಳನ್ನು ಬಳಸಿದರು. ಅದಕ್ಕಾಗಿ ಹೊಸ ತಂತ್ರಾಂಶ ಬರೆದು ಮೇಲಕ್ಕೆ ಕಳಿಸಬೇಕಾಯಿತು. ಹದಿನೆಂಟು ತಿಂಗಳು ತೆವಳಿ, 2003ರ ಜನವರಿಯ ಕೊನೆಗೆ ಅದು ತನ್ನ ಜಾಗ ಸೇರಿತು. ಇನ್ನೊಂದು, 1997ರ ಡಿಸೆಂಬರಿನ ಏಷ್ಯಾಸ್ಯಾಟ್-3. ಪ್ರೋಟಾನ್ ರಾಕೆಟ್ಟಿನ ಮೇಲಿನ ಹಂತ ಕೆಟ್ಟು ಕಕ್ಷೆ 51 ಡಿಗ್ರಿ ಓರೆಯಾಗಿ ಉಳಿದಾಗ ವಿಮೆಯವರು ಪೂರ್ಣ ನಷ್ಟವೆಂದು ತೀರ್ಮಾನಿಸಿದರು. ತಯಾರಕರು ಅದನ್ನು ಚಂದ್ರನವರೆಗೆ ಕಳಿಸಿ, ಚಂದ್ರನ ಸೆಳೆತದಿಂದಲೇ ದಿಕ್ಕು ತಿರುಗಿಸಿಕೊಂಡು, 1998ರಲ್ಲಿ ಎರಡು ಸಲ ಹೀಗೆ ಮಾಡಿ ಬಳಸಬಹುದಾದ ಕಕ್ಷೆಗೆ ತಂದರು. ಓರೆ ಕಕ್ಷೆಯನ್ನು ನೆಟ್ಟಗೆ ಮಾಡುವುದು ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ: ಅದಕ್ಕಿಂತ ಚಂದ್ರನ ದಾರಿಯೇ ಅಗ್ಗವಾಗಿತ್ತು.

ಆರ್ಟೆಮಿಸ್ ಆಪತ್ತಿನಲ್ಲಿ ಮಾಡಿದ್ದನ್ನು ಈಗ ಬೇಕೆಂದೇ ಮಾಡುತ್ತಾರೆ. ಸೌರ ವಿದ್ಯುತ್ತಿನಿಂದ ಝೆನಾನ್ ಅನಿಲವನ್ನು ಅಯಾನುಗಳಾಗಿಸಿ ಸೆಕೆಂಡಿಗೆ 15–20 ಕಿ.ಮೀ. ವೇಗದಲ್ಲಿ ಹೊರಗೆಸೆಯುವ ಥ್ರಸ್ಟರ್‌ಗಳು ಇವು. ರಾಸಾಯನಿಕ ಎಂಜಿನ್ನಿಗಿಂತ ಐದಾರು ಪಟ್ಟು ಮಿತವ್ಯಯಿ. 1,900 ಕಿಲೋ ಬೇಕಾಗುತ್ತಿದ್ದ ಕಡೆ ಕೆಲವು ನೂರು ಕಿಲೋ ಸಾಕು. ಆದರೆ ನೂಕುಬಲ ನ್ಯೂಟನ್ನಿನ ಒಂದು ಭಾಗವಷ್ಟೇ, ಅಂಗೈ ಮೇಲೆ ಐದಾರು ಕಾಗದದ ಹಾಳೆ ಇಟ್ಟಂತೆ. ತಿಂಗಳುಗಟ್ಟಲೆ, ಹಗಲು ರಾತ್ರಿ ಬಿಡದೆ ನೂಕಬೇಕು. 2015ರ ಮಾರ್ಚ್‌ನಲ್ಲಿ ತಲಾ ಎರಡು ಟನ್ನಿನ ಎರಡು ಸಂಪೂರ್ಣ ವಿದ್ಯುತ್ ಉಪಗ್ರಹಗಳು ಒಂದರ ಮೇಲೊಂದು ಕೂತು ಒಂದೇ ಫಾಲ್ಕನ್ 9ರಲ್ಲಿ ಹೋದವು, ಜಾಗ ಸೇರಲು ಅರ್ಧ ವರ್ಷ ಹಿಡಿಯಿತು. ಅಷ್ಟು ಕಾಲ ಭೂಮಿಯ ವಿಕಿರಣ ಪಟ್ಟಿಗಳ ನಡುವೆ ಓಡಾಡುವುದರಿಂದ ಸೌರಕೋಶಗಳು ಸವೆಯುತ್ತವೆ, ಅದಕ್ಕೆಂದೇ ಫಲಕಗಳನ್ನು ಮೊದಲೇ ತುಸು ದೊಡ್ಡದಾಗಿ ಮಾಡಿರುತ್ತಾರೆ. ‘ಸೇವೆ ಇಷ್ಟು ತಡವೇಕೆ’ ಎಂಬ ನಿಮ್ಮ ಪ್ರಶ್ನೆಗೆ ಇತ್ತೀಚಿನ ಉಪಗ್ರಹಗಳ ಮಟ್ಟಿಗೆ ಮುಖ್ಯ ಉತ್ತರ ಇದೇ. ತೊಂದರೆಯಿಂದಾದ ತಡವಲ್ಲ, ತಿಳಿದೇ ಒಪ್ಪಿಕೊಂಡದ್ದು.

ರಾಸಾಯನಿಕ ಎಂಜಿನ್ನಿನ ಉಪಗ್ರಹಗಳು ಸಾಮಾನ್ಯವಾಗಿ ಕಕ್ಷೆ ಏರುವ ಕೆಲಸ ಮುಗಿದ ಮೇಲೆಯೇ ಸೌರಫಲಕ ಮತ್ತು ಆಂಟೆನಾ ತಟ್ಟೆಗಳನ್ನು ಪೂರ್ತಿ ಬಿಚ್ಚುತ್ತವೆ, ಎಂಜಿನ್ ನೂಕುವಾಗ ಉದ್ದ ರೆಕ್ಕೆಗಳು ಅಲುಗಬಾರದು ನೋಡಿ. ಬಿಚ್ಚುವ ಕೀಲು ಒಂದೇ ಒಂದು ಸಲ, ಕೆಲವು ನಿಮಿಷ ಕೆಲಸ ಮಾಡಿದರೆ ಸಾಕು. ಆದರೂ ನೆಲದ ಮೇಲೆ ಅದನ್ನು ನಿಜವಾದ ತೂಕರಹಿತ ಸ್ಥಿತಿಯಲ್ಲಿ ಪರೀಕ್ಷಿಸಲಾಗುವುದಿಲ್ಲ. ಹಗ್ಗ, ಬಲೂನುಗಳಿಂದ ಭಾರ ತಗ್ಗಿಸಿ ನೋಡಬೇಕು. 2004ರ ಟೆಲ್‌ಸ್ಟಾರ್ 14ರ ಉತ್ತರ ಬದಿಯ ಫಲಕ ಪೂರ್ತಿ ತೆರೆಯಲಿಲ್ಲ, ಅದರ ಬದಲಿಗೆಂದು 2011ರಲ್ಲಿ ಹೋದ 14ಆರ್‌ನಲ್ಲೂ ಅದೇ ಬದಿಯ ಫಲಕ ಕೈಕೊಟ್ಟಿತು. ಮೊದಲು ಹೇಳಿದ ವಯಾಸ್ಯಾಟ್-3, ರಾಕೆಟ್ಟೇ ಜಾಗದ ಹತ್ತಿರಕ್ಕೆ ಮುಟ್ಟಿಸಿದ್ದರೂ, ತನ್ನ ದೊಡ್ಡ ಆಂಟೆನಾ ಸರಿಯಾಗಿ ಬಿಚ್ಚಿಕೊಳ್ಳದೆ ಯೋಜಿಸಿದ ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಗೆ ಇಳಿಯಿತು. ಕೀಲು ಸಿಕ್ಕಿಕೊಂಡಾಗ ಉಪಗ್ರಹವನ್ನು ತಿರುಗಿಸಿ ಆ ಜಾಗಕ್ಕೆ ಬಿಸಿಲು ಕೊಟ್ಟು ಕಾಯಿಸುವುದು, ಥ್ರಸ್ಟರ್ ಮಿಡಿದು ಅಲುಗಿಸುವುದು, ಮೋಟಾರನ್ನು ಹಿಂದೆ ಮುಂದೆ ತಿರುಗಿಸುವುದು, ಇವಷ್ಟೇ ಕೈಯಲ್ಲಿರುವ ಉಪಾಯಗಳು.

ಆಮೇಲೂ ಸೇವೆ ಶುರುವಾಗುವುದಿಲ್ಲ. ನೆಲದಿಂದ ಬಂದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಕೊಳವೆಗಳು ಸಾವಿರಾರು ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಉಪಗ್ರಹದ ಅಂಟು, ಬಣ್ಣ, ಕೇಬಲ್ ಹೊದಿಕೆಗಳಲ್ಲಿ ಸಿಕ್ಕಿಕೊಂಡ ಗಾಳಿ, ತೇವ ನಿರ್ವಾತಕ್ಕೆ ಮೆಲ್ಲಗೆ ಹೊರಬರುತ್ತಿರುವಾಗ ಆ ವೋಲ್ಟೇಜ್ ಹಾಕಿದರೆ ಕಿಡಿ ಹಾರಿ ಕೊಳವೆ ಸುಟ್ಟೀತು. ಹಾಗಾಗಿ ಆ ಅನಿಲವೆಲ್ಲ ಹೋಗುವವರೆಗೆ ಕಾಯುತ್ತಾರೆ. ಆಮೇಲೆ ಮೊದಲು ತಂತುವನ್ನು ಬಿಸಿ ಮಾಡಿ, ನಂತರವೇ ಹೆಚ್ಚಿನ ವೋಲ್ಟೇಜ್ ಕೊಡುತ್ತಾರೆ. ಮುಂದೆ, ಅಕ್ಕಪಕ್ಕದ ಉಪಗ್ರಹಗಳಿಗೆ ಅಡಚಣೆಯಾಗದ ಒಂದು ತಾತ್ಕಾಲಿಕ ಜಾಗದಲ್ಲಿ ಪರೀಕ್ಷೆ. ಸಂಕೇತವನ್ನು ಪಡೆದು ಹಿಗ್ಗಿಸಿ ಮರಳಿ ನೆಲಕ್ಕೆ ಕಳಿಸುವ ಒಂದೊಂದು ಟ್ರಾನ್ಸ್‌ಪಾಂಡರ್‌ನ ಶಕ್ತಿಯನ್ನೂ, ಬದಲಿಗೆಂದು ಇಟ್ಟ ಉಪಕರಣಗಳನ್ನೂ ಚಾಲೂ ಮಾಡಿ ಅಳೆಯುತ್ತಾರೆ. ಆಂಟೆನಾದ ಕಿರಣ ನೆಲದ ಮೇಲೆ ಬೀಳುವ ಆಕಾರ ತಿಳಿಯಲು ಉಪಗ್ರಹವನ್ನೇ ಡಿಗ್ರಿಯ ಸಣ್ಣ ಸಣ್ಣ ಭಾಗದಷ್ಟು ಅತ್ತಿತ್ತ ವಾಲಿಸಿ, ಒಂದೇ ಕೇಂದ್ರದಲ್ಲಿ ಸಂಕೇತದ ಏರಿಳಿತ ಬರೆದುಕೊಳ್ಳುತ್ತಾರೆ. ಎಲ್ಲ ಸರಿಯಿದ್ದರೆ ಅದು ತನ್ನ ನಿಜ ರೇಖಾಂಶಕ್ಕೆ ತೇಲಿಹೋಗಿ ನಿಲ್ಲುತ್ತದೆ. ‘ನಿಲ್ಲುತ್ತದೆ’ ಎಂದರೂ ಅದು 0.1 ಡಿಗ್ರಿಯಷ್ಟು ಅತ್ತಿತ್ತ ಸರಿಯಬಹುದು, ಆ ಎತ್ತರದಲ್ಲಿ 0.1 ಡಿಗ್ರಿ ಎಂದರೆ ಸುಮಾರು 74 ಕಿ.ಮೀ.

ಇನ್ನು, ಸುದ್ದಿ ಓದುವಾಗ ಏನನ್ನು ನೋಡಬೇಕು ಎಂದು ಕೇಳಿದ್ದೀರಿ. ಬೇರ್ಪಟ್ಟ ಕೂಡಲೇ ಬರುವ ಪ್ರಕಟಣೆಯಲ್ಲಿ ಮೂರು ಅಂಕಿ ಹುಡುಕಿ: ಹತ್ತಿರದ ತುದಿ, ದೂರದ ತುದಿ, ಓರೆಯ ಡಿಗ್ರಿ. ಗುರಿ ಮತ್ತು ತಲುಪಿದ್ದರ ನಡುವೆ ದೂರದ ತುದಿಯಲ್ಲಿ ನೂರಿನ್ನೂರು ಕಿ.ಮೀ. ವ್ಯತ್ಯಾಸವಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸಾವಿರಗಟ್ಟಲೆ ಇದ್ದರೆ ಅಥವಾ ಓರೆ ಒಂದೆರಡು ಡಿಗ್ರಿ ತಪ್ಪಿದ್ದರೆ, ಅದನ್ನು ತಿದ್ದಲು ಉಪಗ್ರಹ ತನ್ನ ವರ್ಷಗಳನ್ನು ಕೊಡಬೇಕಾಗುತ್ತದೆ. ಆಮೇಲೆ ಮೊದಲ ಸಂಕೇತ ಸಿಕ್ಕ ಸುದ್ದಿ, ಅದರ ಹಿಂದೆ ಮುಖ್ಯ ಎಂಜಿನ್ ಮೊದಲ ಸಲ ಹೊತ್ತಿದ ಸುದ್ದಿ, ಕೊನೆಗೆ ಫಲಕ, ಆಂಟೆನಾ ಬಿಚ್ಚಿಕೊಂಡ ಸುದ್ದಿ. ವಿದ್ಯುತ್ ಉಪಗ್ರಹವಾದರೆ ಈ ಕ್ರಮ ಬದಲಾಗುತ್ತದೆ, ವಿದ್ಯುತ್ತಿಲ್ಲದೆ ಅದು ಹೊರಡುವುದೇ ಇಲ್ಲವಾದ್ದರಿಂದ ಫಲಕಗಳು ಮೊದಲ ದಿನಗಳಲ್ಲೇ ತೆರೆಯಬೇಕು. ಸಾಮಾನ್ಯವಾಗಿ ದಿನಕ್ಕೊಂದರಂತೆ ಬರಬೇಕಾದ ಈ ಪ್ರಕಟಣೆಗಳು ನಡುವೆ ನಿಂತುಹೋದರೆ, ಕೊಠಡಿಯೊಳಗೆ ಯಾರೋ ಕವಾಟವನ್ನೋ ಕೀಲನ್ನೋ ಬಿಡಿಸಲು ಹೆಣಗುತ್ತಿರುವ ಸಾಧ್ಯತೆ ಹೆಚ್ಚು. ಕೊನೆಯದಾಗಿ, ಕಕ್ಷೆ ಸೇರಿದ ಮೇಲೆ ಒಡೆಯರು ‘ನಿರೀಕ್ಷಿತ ಸೇವಾವಧಿ’ ಎಂದು ಕೊಡುವ ಅಂಕಿಯನ್ನು ಉಡಾವಣೆಗೆ ಮೊದಲು ಹೇಳಿದ್ದರ ಪಕ್ಕದಲ್ಲಿಟ್ಟು ನೋಡಿ. ರಾಕೆಟ್ಟು ಕರಾರುವಾಕ್ಕಾಗಿ ಬಿಟ್ಟು ಇಂಧನ ಉಳಿದಿದ್ದರೆ ಹದಿನೈದಿದ್ದದ್ದು ಹದಿನೆಂಟೋ ಇಪ್ಪತ್ತೋ ಆಗಿರುತ್ತದೆ.